ಅಜ್ಜಿಯ ಕೌದಿ ಸರಿಯಾಗಿ ಕಂಡ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಹರಿಹರದ ಮನೆಯಲ್ಲಿ ಇದ್ದದ್ದು ಒಂದೇ ಒಂದು ಕನ್ನಡಕ. ಅದು ಅಜ್ಜಿಯದು. ಅದರ ಒಂದು ಕಡ್ಡಿ ಯಾವಾಗಲೋ ಮುರಿದಿತ್ತು. ಅಜ್ಜಿ ಆ ಜಾಗಕ್ಕೆ ಕೌದಿ ಹೊಲಿಯುವ ದಪ್ಪ ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದಳು. ಕನ್ನಡಕ ತೆಗೆದರೆ ಮೂಗಿನ ಎರಡೂ ಕಡೆ ಹುಣಸೆ ಬೀಜ ಒತ್ತಿದಂಥ ಗುಳಿ ಕಾಣುತ್ತಿತ್ತು. ಅವಳ ತೊಡೆಯ ಮೇಲೆ ಕೂತು ಆ ಗುಳಿಗಳಿಗೆ ಬೆರಳಿಟ್ಟು ನೋಡುವುದೆಂದರೆ ನನಗೆ ಬಲು ಇಷ್ಟ. ಸುಮಾರು ಐವತ್ತು ವರ್ಷದ ಹಿಂದಿನ ಮಾತಿದು. ಆಗ ನಾನು ನಿಮ್ಮಷ್ಟೇ ಇದ್ದೆ, ಮಕ್ಕಳೇ.

ಕೌದಿ ಅಂದರೆ ನಿಮಗೆ ಗೊತ್ತು, ನಮ್ಮ ಬೀರುವಿನ ಮೇಲೆ ಗಂಟು ಕಟ್ಟಿ ಇಟ್ಟಿರುವ ಹೊದಿಕೆ. ಹಳೆ ಸೀರೆ, ಹಳೆ ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಟ್ಟೆಯ ಚೂರುಗಳನ್ನು ಜೋಡಿಸಿ, ಇಡೀ ಮೈಗೆ ಅಕ್ಕಿಕಾಳಿನಂಥ ಹೊಲಿಗೆ ಹಾಕಿ ಮಾಡುತ್ತಿದ್ದರು. ಅಪ್ಪನಿಗೆ ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇತ್ತು. ಬೆಳಿಗ್ಗೆ ರೈಲಿಗೆ ಹೋದವರು ಸಂಜೆ ಬರುವಾಗ ಥಾನಿನ ಕೊನೆಯಲ್ಲಿ ಉಳಿದ ಚೂರುಗಳನ್ನು ಗಂಟು ಕಟ್ಟಿ ತರುತ್ತಿದ್ದರು. ಗಂಟು ಬಿಚ್ಚಿದರೆ ಹೊಸ ಬಟ್ಟೆಯ ಗಂಜಿ ವಾಸನೆ ಪಡಸಾಲೆಗೆಲ್ಲ ಹರಡುತ್ತಿತ್ತು.

ಆ ವರ್ಷ ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ನನಗೂ ಅವಳಿಗೂ ವಯಸ್ಸಿನಲ್ಲಿ ತುಂಬ ಅಂತರ. ಹುಟ್ಟುವ ಕೂಸಿಗೆಂದು ಅಜ್ಜಿ ಒಂದು ಹೊಸ ಕೌದಿ ಹಿಡಿದಳು. "ನಡುವೆಲ್ಲ ಬಿಳಿ, ಸುತ್ತ ಅಂಚೆಲ್ಲ ನೀಲಿ. ಬ್ಯಾರೆ ಬಣ್ಣ ಬ್ಯಾಡ. ಕೂಸಿನ ಮುಖ ಕಣ್ತುಂಬ ನೋಡಿ ನನ್ನ ಕೈಯಾರೆ ಹೊದಿಸ್ತೀನಿ," ಅಂದಳು. ಆಗ ಅವಳಿಗಿದ್ದ ಆಸೆ ಅದೊಂದೇ.

ಸೂಜಿಗೆ ದಾರ ಪೋಣಿಸಿ ಕೊಡುವುದು ನನ್ನ ಕೆಲಸ. ಕನ್ನಡಕ ಹಾಕಿಕೊಂಡರೂ ಅಜ್ಜಿಗೆ ಸೂಜಿಯ ತೂತು ಸಿಗುತ್ತಿರಲಿಲ್ಲ. ಒಂದು ದಿನ ಶಾಲೆಯಿಂದ ಬಂದು ನೋಡಿದರೆ ಕನ್ನಡಕ ಗೋಡೆಯ ಗೂಡಿನಲ್ಲಿತ್ತು. ಅಜ್ಜಿ ಬರಿಗಣ್ಣಿನಲ್ಲಿ ಕೂತು, ದಾರದ ತುದಿಯನ್ನು ನಾಲಿಗೆಗೆ ಒತ್ತಿ, ಸೂಜಿಯನ್ನು ಮೂಗಿನ ಹತ್ತಿರ ಹಿಡಿದು, ಒಂದೇ ಸಲಕ್ಕೆ ಪೋಣಿಸಿಬಿಟ್ಟಳು. ನಾನು ಚೀಲ ಇಳಿಸುವುದನ್ನೂ ಮರೆತು ನಿಂತೆ.

"ಹೆಂಗೆ? ನಿನ್ನ ಕೆಲಸ ಹೋತು ನೋಡು," ಅಂತ ಅಜ್ಜಿ ನಕ್ಕಳು.

ಅದೇ ಒಂದು ದೊಡ್ಡ ಸುದ್ದಿಯಾಯಿತು. ಓಣಿಯ ಹೆಂಗಸರು ತಮ್ಮ ತಮ್ಮ ಸೂಜಿ ತಂದು ಅಜ್ಜಿಯ ಕೈಗೆ ಕೊಟ್ಟು ಪರೀಕ್ಷೆ ಮಾಡಿದರು. ಅಜ್ಜಿ ಎಲ್ಲದಕ್ಕೂ ಪೋಣಿಸಿದಳು. ಪುರಾಣದ ಪುಸ್ತಕವನ್ನು ಕನ್ನಡಕವಿಲ್ಲದೆ ಓದಿ ತೋರಿಸಿದಳು. "ಉಕ್ಕಡಗಾತ್ರಿ ಅಜ್ಜಯ್ಯನ ಕೃಪೆ ಕಣ್ರೇ. ಕೂಸಿನ ಮುಖ ನೋಡೋಕೆ ಕಣ್ಣು ಕೊಡಪ್ಪ, ಕನ್ನಡಕ ನಿನಗೇ ಬಿಡ್ತೀನಿ ಅಂತ ಹರಕೆ ಹೊತ್ತಿದ್ದೆ," ಅಂದಳು. ಎಲ್ಲರೂ ಹೊಳೆದಂಡೆಯ ಆ ದೇವರಿಗೆ ಕೈ ಮುಗಿದರು. ನಾನೂ ಮುಗಿದೆ.

ಆದರೆ ಅಂದಿನಿಂದಲೇ ನನಗೆ ಗೊಂದಲ ಶುರುವಾಯಿತು. ಸೂಜಿಯ ತೂತು ಕಾಣುವ ಅಜ್ಜಿಗೆ ಬಾಗಿಲಲ್ಲಿ ನಿಂತ ನಾನು ಕಾಣುತ್ತಿರಲಿಲ್ಲ. "ಯಾರದು?" ಅನ್ನುತ್ತಿದ್ದಳು. ಮಾತಾಡಿದ ಮೇಲೆ, "ಓ, ನೀನೇನೇ," ಅನ್ನುತ್ತಿದ್ದಳು. ಮಧ್ಯಾಹ್ನ ಅಂಗಳಕ್ಕೆ ಬಂದರೆ ಸೆರಗನ್ನು ಹಣೆಯ ಮೇಲೆ ಇಳಿಬಿಟ್ಟು ಕಣ್ಣು ಕಿರಿದು ಮಾಡುತ್ತಿದ್ದಳು. ಮೋಡ ಮುಚ್ಚಿದರೆ ಹಾಯಾಗಿ ಓಡಾಡುತ್ತಿದ್ದಳು. ಒಂದು ಹುಣ್ಣಿಮೆಯಂದು ಚಂದ್ರನನ್ನು ನೋಡಿ, "ಇವತ್ತೇನು, ಒಂದರ ಬೆನ್ನಿಗೆ ಇನ್ನೊಂದು ಚಂದ್ರ ಬಂದೈತೆ?" ಅಂದಳು. ನಾನು ಕತ್ತು ನೋಯುವಷ್ಟು ಹೊತ್ತು ನೋಡಿದೆ. ನನಗೆ ಕಂಡಿದ್ದು ಒಂದೇ ಚಂದ್ರ.

ಕೌದಿಯದಂತೂ ಇನ್ನೂ ವಿಚಿತ್ರ. ಅಜ್ಜಿ ನೀಲಿ ಚೂರುಗಳ ನಡುವೆ ಕರಿ ಚೂರು ಇಟ್ಟು ಹೊಲಿಯುತ್ತಿದ್ದಳು. ಬಿಳಿಯ ಪಕ್ಕದಲ್ಲಿ ತಿಳಿ ಹಳದಿ ಇಡುತ್ತಿದ್ದಳು.

"ಅಜ್ಜೀ, ಇದು ಕರಿದು," ಅಂದೆ.

"ನೀಲಿ ಐತೆ, ಸುಮ್ಕಿರು."

"ಇದು ಹಳದಿ ಅಜ್ಜಿ."

"ಅಜ್ಜಯ್ಯ ಕಣ್ಣು ಕೊಟ್ಟಿರೋದು ನನಗೋ ನಿನಗೋ? ಇಂಥ ಮಲ್ಲಿಗೆ ಹೂವಿನಂಥ ಬಿಳಿ ನಿನಗೆ ಹಳದಿ ಕಾಣ್ತೈತಲ್ಲೇ, ನಿನಗೇ ಕನ್ನಡಕ ಹಾಕಿಸ್ಬೇಕು!"

ಅಡುಗೆಮನೆಯಿಂದ ಅಮ್ಮ, ಅಕ್ಕ ನಕ್ಕರು. ನಾನು ಹಿತ್ತಲಿಗೆ ಹೋಗಿ ಒಂದೊಂದೇ ಕಣ್ಣು ಮುಚ್ಚಿ ಗೋಡೆ, ಬಾಳೆ ಎಲೆ, ನನ್ನ ಲಂಗ ಎಲ್ಲ ನೋಡಿದೆ. ಸೂಜಿ ಪೋಣಿಸುವ ಕಣ್ಣು ಸುಳ್ಳು ಹೇಳುತ್ತದೆಯೇ? ಹಾಗಾದರೆ ಕೆಟ್ಟಿದ್ದು ನನ್ನ ಕಣ್ಣೇ ಇರಬೇಕು ಅನ್ನಿಸಿ ಅಳು ಬಂತು.

ಹರಕೆ ತೀರಿಸುವ ದಿನ ಬಂತು. ಅಪ್ಪ ಅಂಗಡಿಗೆ ಹೋಗದೆ ಅಜ್ಜಿಯನ್ನೂ ನನ್ನನ್ನೂ ಕರೆದುಕೊಂಡು ಉಕ್ಕಡಗಾತ್ರಿಗೆ ಹೊರಟರು. ಆಗ ನಮ್ಮ ಕಡೆ ಇದ್ದಿಲು ಉರಿಸಿ ಓಡಿಸುವ ಬಸ್ಸುಗಳಿದ್ದವು. ಹಿಂದುಗಡೆ ಒಂದು ಕಬ್ಬಿಣದ ದುಂಡನೆಯ ಒಲೆ. ಬಸ್ಸು ನಿಂತಾಗೆಲ್ಲ ಒಬ್ಬ ಅದಕ್ಕೆ ಗಾಳಿ ಹಾಕುತ್ತಿದ್ದ. ಕಣ್ಣಿಗೆ, ಮೂಗಿಗೆ ಹೊಗೆ. ಅಜ್ಜಿಯ ಮಡಿಲಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ. ಸೆರಗಿನ ತುದಿಯ ಗಂಟಿನಲ್ಲಿ ಕನ್ನಡಕ. ಬಸ್ಸು ಕುಲುಕಿದಾಗೆಲ್ಲ ಅದು ನನ್ನ ಮೊಣಕೈಗೆ ಒತ್ತುತ್ತಿತ್ತು.

ಬಸ್ಸಿಳಿದು ಹೊಳೆಗೆ ನಡೆದೆವು. ಸೂರ್ಯ ನೆತ್ತಿಗೆ ಬಂದಿದ್ದ. ತುಂಗಭದ್ರೆಯ ನೀರು ತಗಡು ಹಾಸಿದ ಹಾಗೆ ಹೊಳೆಯುತ್ತಿತ್ತು. ದಡದಲ್ಲಿ ಜನ ಮುಳುಗು ಹಾಕಿ, ಕಷ್ಟ ಕಳೆಯಿತು ಅಂತ ಮೈಮೇಲಿನ ಹಳೆ ಬಟ್ಟೆಯನ್ನು ಹೊಳೆಗೆ ಬಿಟ್ಟು ಹೊಸದು ಉಡುತ್ತಿದ್ದರು. ಒದ್ದೆ ಬಟ್ಟೆ, ವಿಭೂತಿ, ಊದುಬತ್ತಿಯ ವಾಸನೆ. ಅಜ್ಜಿ ಮೆಟ್ಟಿಲ ಮೇಲೆ ನಿಂತು ಸೆರಗಿನ ಗಂಟು ಬಿಚ್ಚಿದಳು. ಆಚೆ ದಡದ ಕಡೆ ನೋಡಿ, "ನಮ್ಮ ಬಸ್ಸಿನ ಹೊಗೆ ಇನ್ನೂ ಹೋಗಿಲ್ಲ ನೋಡು. ಆಚೆ ದಡಾನೆಲ್ಲ ಮುಚ್ಚೈತೆ," ಅಂದಳು.

ಆಚೆ ದಡದಲ್ಲಿ ಹೊಗೆ ಇರಲಿಲ್ಲ. ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು.

ಅಪ್ಪ ಅಜ್ಜಿಯ ಮುಖವನ್ನೇ ನೋಡಿದರು. "ಅವ್ವ, ಅಲ್ಲಿ ಒಂದು ದೊಡ್ಡ ಮರ ಐತಲ್ಲ, ಕಾಣ್ತೈತಾ?"

"ಹೊಗೆಯಾಗ ಮರ ಹೆಂಗೆ ಕಾಣ್ತೈತೆ?"

ಅಪ್ಪ ಜೇಬಿನಿಂದ ಬಸ್ಸಿನ ಟಿಕೇಟು ತೆಗೆದು ಅವಳ ಕೈಗೆ ಕೊಟ್ಟರು. ಅಜ್ಜಿ ಅದನ್ನು ಮೂಗಿನ ಹತ್ತಿರ ಹಿಡಿದು, ಇರುವೆ ಸಾಲಿನಂಥ ಅಕ್ಷರಗಳನ್ನು ಪಟಪಟನೆ ಓದಿದಳು. ಅಪ್ಪ ಟಿಕೇಟನ್ನು ವಾಪಸ್ಸು ತಗೊಂಡು ತಾವೂ ಓದಿ ನೋಡಿದರು. ಸರಿಯಾಗಿತ್ತು. ಅಪ್ಪನಿಗೂ ಗೊಂದಲವಾಗುತ್ತದೆ ಅನ್ನುವುದು ನನಗೆ ಗೊತ್ತಾದದ್ದು ಆವತ್ತೇ. ಇರುವೆಯಂಥ ಅಕ್ಷರ ಕಾಣುವ ಕಣ್ಣಿಗೆ ಆನೆಯಂಥ ಮರ ಯಾಕೆ ಕಾಣುವುದಿಲ್ಲ?

"ಅವ್ವ, ಕನ್ನಡಕ ಇವತ್ತು ಬಿಡೋದು ಬ್ಯಾಡ. ಒಂದ್ಸಲ ಡಾಕ್ಟರಿಗೆ ತೋರಿಸಿ ಆಮ್ಯಾಲೆ ಬರೋಣ."

"ಅಜ್ಜಯ್ಯನಿಗೆ ಕೊಟ್ಟ ಮಾತಿಗೆ ಡಾಕ್ಟರ ಅಪ್ಪಣೆ ಬೇಕೇನೋ?" ಅಂದವಳೇ ಅಜ್ಜಿ ಕೈ ಚಾಚಿ ಕನ್ನಡಕವನ್ನು ಬಿಟ್ಟಳು. ಗಾಜಿನ ಮೇಲೆ ಬಿಸಿಲು ಒಮ್ಮೆ ಮಿಂಚಿತು. ಆಮೇಲೆ ಅದು ದಾರದ ಬಾಲ ಅಲ್ಲಾಡಿಸುತ್ತ ಮುಳುಗಿಹೋಯಿತು.

ಕೈ ಮುಗಿದು ತಿರುಗಿದ ಅಜ್ಜಿ, ಅಲ್ಲಿ ಇನ್ನೊಂದು ಮೆಟ್ಟಿಲು ಇದೆ ಅನ್ನುವಂತೆ ಕಾಲಿಟ್ಟಳು. ಅಲ್ಲಿ ಇದ್ದದ್ದು ನೀರು. ಅಪ್ಪ ರಟ್ಟೆ ಹಿಡಿಯದಿದ್ದರೆ ಅವಳೂ ಕನ್ನಡಕದ ಹಿಂದೆಯೇ ಹೋಗುತ್ತಿದ್ದಳು. ಸೊಂಟದವರೆಗೆ ಒದ್ದೆಯಾದಳು. ಬಟ್ಟೆ ಹಿಂಡುತ್ತಿದ್ದ ಒಬ್ಬ ಹೆಂಗಸು, "ಕಣ್ಣು ಬಂತು ಅಂತ ಕನ್ನಡಕ ಬಿಟ್ರಿ, ಬುಡದಾಗಿರೋ ಹೊಳೆ ಕಾಣ್ಲಿಲ್ಲೇನ್ ಯಮ್ಮಾ?" ಅಂತ ಜೋರಾಗಿ ನಕ್ಕಳು. ಅಜ್ಜಿ ಯಾರ ಮಾತಿಗೂ ಸೋಲುವವಳಲ್ಲ. ಆವತ್ತು ಮಾತ್ರ ಅಪ್ಪನ ತೋಳು ಹಿಡಿದು ಮೆಟ್ಟಿಲು ಹತ್ತಿದಳು.

ಮೇಲೆ ನೆರಳಿನಲ್ಲಿ ಕೂತಾಗ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು ಮೆಲ್ಲಗೆ ಕೇಳಿದಳು. "ಕೂಸೇ, ಆಚೆ ದಡದಾಗ ನಿಜವಾಗ್ಲೂ ಹೊಗೆ ಇಲ್ಲೇನು?"

"ಇಲ್ಲ ಅಜ್ಜಿ. ಮರ ಐತೆ. ಎರಡು ಎಮ್ಮೆ ನೀರಿನಾಗ ಮಲಗ್ಯಾವೆ. ಒಂದರ ಮ್ಯಾಲೆ ಕೊಕ್ಕರೆ ಕೂತೈತೆ."

"ಕೊಕ್ಕರೆ ಯಾವ ಬಣ್ಣ?"

"ಬಿಳಿ ಅಜ್ಜಿ."

ಅವಳು ಒದ್ದೆ ಸೀರೆಯನ್ನು ಮತ್ತೆ ಮತ್ತೆ ಹಿಂಡಿದಳು. ಬುತ್ತಿ ಬಿಚ್ಚಲೇ ಇಲ್ಲ.

ಮಾರನೆಯ ದಿನ ಅಪ್ಪ ಅವಳನ್ನು ದಾವಣಗೆರೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹಟ ಮಾಡಿ ನಾನೂ ಹೋದೆ. ಡಾಕ್ಟರು ಕತ್ತಲೆ ಕೋಣೆಯಲ್ಲಿ ದೀಪ ಬಿಟ್ಟು ನೋಡಿ, "ಪೊರೆ ಬಂದೈತೆ ಅಜ್ಜಿ," ಅಂದರು. ನಮ್ಮ ಕಣ್ಣಿನ ಕರಿ ಬೊಟ್ಟಿನ ಹಿಂದೆ ಗಾಜಿನಂಥ ಒಂದು ಪುಟ್ಟ ಮಸೂರ ಇರುತ್ತದಂತೆ. ವಯಸ್ಸಾದ ಹಾಗೆ ಅದು ಹಳದಿಯಾಗಿ ಮಬ್ಬಾಗುತ್ತದಂತೆ. ಅದೇ ಪೊರೆ. ಕೆಲವರಿಗೆ ಮಬ್ಬಾಗುವಾಗ ಅದು ಒಳಗೇ ಗಟ್ಟಿಯಾಗುತ್ತದೆ. ಆಗ ಹತ್ತಿರದ್ದು ಸ್ವಲ್ಪ ದಿನ ಕನ್ನಡಕವಿಲ್ಲದೆಯೇ ಚೆನ್ನಾಗಿ ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ಆಮೇಲೆ ಹತ್ತಿರದ್ದೂ ಹೋಗುತ್ತದೆ. "ಕಣ್ಣು ಬಂತು ಅಂತ ಎಲ್ಲರೂ ಹಿಗ್ಗುತ್ತಾರೆ. ಅದು ಪೊರೆ ಬಲಿಯೋ ಗುರುತು," ಅಂದರು.

"ಹಂಗಾದ್ರೆ ಇದು ನಮ್ಮ ಅಜ್ಜಯ್ಯ ಕೊಟ್ಟಿದ್ದಲ್ಲೇನ್ರಿ?" ಅಜ್ಜಿಯ ದನಿ ಚಿಕ್ಕದಾಗಿತ್ತು.

ಡಾಕ್ಟರು ನಗಲಿಲ್ಲ. "ಅಲ್ಲಿಗೆ ಹೋಗಿದ್ದಕ್ಕೇ ಅಲ್ವಾ ನಿಮ್ಮ ಮಗನಿಗೆ ಗೊತ್ತಾಗಿದ್ದು? ಅಷ್ಟು ಸಾಕಲ್ಲ," ಅಂದರು.

ನನಗೆ ಒಂದು ವಿಷಯ ತಿಳಿಯಿತು, ಇನ್ನೊಂದು ತಿಳಿಯಲಿಲ್ಲ. ನನ್ನ ಕಣ್ಣು ಕೆಟ್ಟಿಲ್ಲ, ಅಜ್ಜಿ ಹಳದಿ ಗಾಜಿನೊಳಗಿಂದ ನೋಡುತ್ತಿದ್ದಾಳೆ, ಅದಕ್ಕೇ ಬಿಳಿ, ಹಳದಿ ಅವಳಿಗೆ ಒಂದೇ ಅನ್ನುವುದು ತಿಳಿಯಿತು. ಆದರೆ ಲಾಟೀನಿನ ಗಾಜು ಮಸಿ ಹಿಡಿದರೆ ನಾವು ಬೂದಿ ಹಾಕಿ ಒರೆಸುತ್ತೇವಲ್ಲ, ಇದನ್ನು ಯಾಕೆ ಒರೆಸಬಾರದು? ಕೇಳಿಯೂಬಿಟ್ಟೆ. ಡಾಕ್ಟರು ಹೇಳಿದರು. "ಮಬ್ಬಾಗಿರೋದು ಗಾಜೇ ಮಗೂ, ಮೇಲಿನ ಮಸಿ ಅಲ್ಲ. ಕಣ್ಣಿಗೆ ಹಾಕೋ ಹನಿ, ಜೇನುತುಪ್ಪ, ಹೂವಿನ ರಸ ಯಾವುದರಿಂದಲೂ ಹೋಗಲ್ಲ. ಆಪರೇಷನ್ ಮಾಡಿ ಗಾಜನ್ನೇ ತೆಗೀಬೇಕು." ಆದರೆ ಈಗಲೇ ಅಲ್ಲ, ಪೊರೆ ಪೂರ್ತಿ ಹಣ್ಣಾಗಿ ಕಣ್ಣು ಬೆಳ್ಳಗಾದ ಮೇಲೆ ಬನ್ನಿ ಅಂದರು. ಆ ಕಾಲದಲ್ಲಿ ಅದೇ ಪದ್ಧತಿ. ಇದ್ದ ಕಣ್ಣು ಪೂರ್ತಿ ಹೋಗುವವರೆಗೂ ಕಾಯುವುದು ಎಂಥ ಔಷಧ ಅಂತ ರೈಲಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ.

ಅಜ್ಜಿ ಕಾದಳು. ಹತ್ತಿರದ್ದೂ ಹೋಗುವ ಮುಂಚೆ ಮುಗಿಸಬೇಕು ಅಂತ ಕೌದಿಯನ್ನು ಬೆಳಗಿನಿಂದ ಸಂಜೆಯವರೆಗೆ ಹೊಲಿದಳು. ಬಣ್ಣ ಹೇಳು ಅಂತ ನನ್ನನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅಕ್ಕನಿಗೆ ಹೆಣ್ಣು ಕೂಸು ಹುಟ್ಟುವ ಹೊತ್ತಿಗೆ ಕೌದಿ ಮುಗಿದಿತ್ತು, ಅಜ್ಜಿಯ ಕಣ್ಣೂ ಮುಗಿದಿತ್ತು. ಅಮ್ಮ ಕೂಸನ್ನು ತಂದು ಅವಳ ತೊಡೆಯ ಮೇಲೆ ಇಟ್ಟಾಗ ಅಜ್ಜಿ ಬೆರಳಿನಿಂದ ಅದರ ಹಣೆ, ರೆಪ್ಪೆ, ತುಟಿ ಸವರಿದಳು. "ಮೂಗು ನಮ್ಮಪ್ಪಂದು," ಅಂದಳು. ಅದು ನಿಜವೋ ಸುಳ್ಳೋ ಹೇಳಲು ಅವಳ ಅಪ್ಪನನ್ನು ಕಂಡವರು ಮನೆಯಲ್ಲಿ ಯಾರೂ ಇರಲಿಲ್ಲ. ಕೌದಿಯನ್ನು ತಡವಿ ತಡವಿ ಹೊದಿಸಿದಳು. ಅಕ್ಕ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು.

ಕೂಸು ತಪ್ಪು ಹೆಜ್ಜೆ ಇಡುವ ಹೊತ್ತಿಗೆ ಆಪರೇಷನ್ ಆಯಿತು. ಈಗಿನ ಹಾಗಲ್ಲ. ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ದಿನಗಟ್ಟಲೆ ಅಲ್ಲಾಡದೆ ಮಲಗಿಸಿದ್ದರು. ಕೆಮ್ಮುವಂತಿಲ್ಲ, ನಗುವಂತಿಲ್ಲ. ಕೊನೆಗೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಬಂತು. ಅದರ ಹಿಂದೆ ಅಜ್ಜಿಯ ಕಣ್ಣು ಎಮ್ಮೆಯ ಕಣ್ಣಿನಷ್ಟು ದೊಡ್ಡದಾಗಿ ಕಂಡು, ಕೂಸು ಕಿಟಾರನೆ ಕಿರುಚಿ ಅಕ್ಕನ ಸೀರೆಯಲ್ಲಿ ಅಡಗಿತು. ಅಜ್ಜಿ ಮಾತ್ರ ಅದನ್ನೇ ನೋಡುತ್ತ, "ಅಳು ಅಳು. ಅಳೋ ಮುಖಾನಾದ್ರೂ ನೋಡ್ತೀನಿ," ಅಂದಳು. ಆಮೇಲೆ ಕೂಸಿನ ಹೆಗಲ ಮೇಲಿದ್ದ ಕೌದಿ ಅವಳ ಕಣ್ಣಿಗೆ ಬಿತ್ತು.

"ಇದನ್ನ ಯಾವಳು ಹೊಲಿದಿದ್ದು? ಕಣ್ಣು ಕಾಣಂಗಿಲ್ಲೇನು ಅವಳಿಗೆ?"

ಅಪ್ಪ ನೆಲ ನೋಡಿದರು. ಎರಡು ಗಳಿಗೆ ಬಿಟ್ಟು ಅಜ್ಜಿಗೇ ಹೊಳೆಯಿತು. ನಗಲು ಶುರುಮಾಡಿದವಳು ಕನ್ನಡಕ ಜಾರುವಷ್ಟು ನಕ್ಕಳು. ಬಿಚ್ಚಿ ಬೇರೆ ಚೂರು ಹಾಕೋಣ ಅಂತ ಅಮ್ಮ ಕತ್ತರಿ ತಂದರೆ ಬೇಡವೆಂದಳು. "ಇರ್ಲಿ ಬಿಡು. ಆವಾಗ ನನಗೆ ಕಂಡಿದ್ದು ಹಂಗೇ."

ಮುಂದೆ ನನ್ನನ್ನು ಕಾನ್ವೆಂಟಿಗೆ ಹಾಕಿದರು. ಅಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್, ದಾರಗಳನ್ನು ಬಣ್ಣದ ಪ್ರಕಾರ ಜೋಡಿಸಲು ಹೇಳಿದರೆ ನನ್ನದೇ ಎಲ್ಲರಿಗಿಂತ ಮೊದಲು ಮುಗಿಯುತ್ತಿತ್ತು. ನೇವಿ ಬ್ಲೂ ಯಾವುದು, ಕರಿ ಯಾವುದು, ಕ್ರೀಮ್ ಯಾವುದು, ಬಿಳಿ ಯಾವುದು ಅನ್ನುವುದನ್ನು ನಾನು ಅಜ್ಜಿಯ ಕೌದಿಯಲ್ಲೇ ಕಲಿತಿದ್ದೆ. ನಿಮ್ಮ ಅಪ್ಪ ಹುಟ್ಟಿದಾಗ ಅಕ್ಕ ಆ ಕೌದಿಯನ್ನು ನನಗೇ ಕೊಟ್ಟಳು. "ಇದರ ತಪ್ಪು ಎಲ್ಲೆಲ್ಲಿ ಐತೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಅಂದಳು.

ಈಗ ದಾವಣಗೆರೆಯ ನಮ್ಮ ಎಂ.ಸಿ.ಸಿ. ಬಿ ಬ್ಲಾಕಿನ ಮನೆಯ ಮಾತು. ಇನ್ನೇನು ಎರಡು ಸಾವಿರದ ಇಸವಿ ಬರುತ್ತದೆ ಅಂತ ನೀವಿಬ್ಬರೂ ಕುಣಿಯುತ್ತಿದ್ದೀರಿ. ಈ ವರ್ಷ ನಾನು ಪೇಪರನ್ನು ಕನ್ನಡಕವಿಲ್ಲದೆ ಓದತೊಡಗಿದ್ದು ನಿಮಗೆ ನೆನಪಿದೆಯಲ್ಲ? "ಅಮ್ಮಂಗೆ ವಯಸ್ಸು ಇಳೀತಾ ಐತೆ," ಅಂತ ನಿಮ್ಮ ಅಪ್ಪ ತಮಾಷೆ ಮಾಡಿದ. "ಅಜ್ಜಿ, ನಿಮ್ಮ ಕನ್ನಡಕ ಫ್ರಿಜ್ ಮೇಲೆ ಧೂಳು ತಿಂತಾ ಐತೆ," ಅಂತ ನೀವು ನಕ್ಕಿರಿ. ನಾನೂ ಹಿಗ್ಗಿದೆ. ಇಷ್ಟೆಲ್ಲ ಕಂಡಿದ್ದ ನನಗೇ ನೆನಪಾಗಲಿಲ್ಲ ನೋಡಿ! ಸಂಜೆ ಎದುರು ಬರುವ ಸ್ಕೂಟರುಗಳ ದೀಪ ಚೆಲ್ಲಾಪಿಲ್ಲಿಯಾಗಿ ಕಂಡರೆ, ಈಗಿನ ಹುಡುಗರು ದೊಡ್ಡ ದೀಪ ಹಾಕಿಸಿಕೊಂಡಿದ್ದಾರೆ ಅಂತ ಬೈದುಕೊಂಡೆ.

ಆಮೇಲೆ ನಿಮ್ಮಲ್ಲಿ ದೊಡ್ಡವನು ಕೊಂಡಜ್ಜಿ ಊರಿನ ಸ್ಕೌಟ್ಸ್ ಕ್ಯಾಂಪಿಗೆ ಹೊರಟ. ಹೊದಿಕೆ ಬೇಕು ಅಂದಾಗ ಬೀರುವಿನ ಮೇಲಿನ ಗಂಟು ಇಳಿಸಿ ಟೆರೇಸಿನಲ್ಲಿ ಬಿಸಿಲಿಗೆ ಹಾಕಿದೆ. ಮಡಿಚಲು ಹೋದವಳು ಅಜ್ಜಿಯ ಕೌದಿಯ ಮುಂದೆ ನಿಂತೆ. ನಡುವೆಲ್ಲ ಬಿಳಿ. ಸುತ್ತ ಅಂಚೆಲ್ಲ ಒಂದೇ ನೀಲಿ. ಒಂದೂ ತಪ್ಪಿಲ್ಲ. ಯಾರೋ ಕೌದಿ ಬದಲಾಯಿಸಿದ್ದಾರೆ ಅಂತ ತಿರುಗಿಸಿ ನೋಡಿದೆ. ಅದೇ ಕೌದಿ, ಅದೇ ಅಕ್ಕಿಕಾಳಿನ ಹೊಲಿಗೆ. ತಪ್ಪುಗಳೆಲ್ಲ ಎಲ್ಲಿ ಹೋದವು? ಚಿಕ್ಕವಳನ್ನು ಕೂಗಿ, ಇದು ಯಾವ ಬಣ್ಣ ಅಂತ ಒಂದು ಚೂರು ತೋರಿಸಿದೆ. "ಕರಿ, ಅಜ್ಜಿ." ಇದು? "ಹಳದಿ. ಯಾಕ ಅಜ್ಜಿ, ನಿಮಗೆ ಕಾಣಲ್ವಾ?"

ಉಕ್ಕಡಗಾತ್ರಿಯಲ್ಲಿ ನೆರಳಿಗೆ ಕೂತಾಗ ಅಜ್ಜಿ ನನ್ನ ಕೈಯನ್ನು ಯಾಕೆ ಅಷ್ಟು ಬಿಗಿಯಾಗಿ ಹಿಡಿದಿದ್ದಳು ಅಂತ ಆಗ ತಿಳಿಯಿತು.

ಆ ವಾರವೇ ಡಾಕ್ಟರ ಹತ್ತಿರ ಹೋದೆ. ಹಣ್ಣಾಗುವವರೆಗೆ ಕಾಯಬೇಕಾ ಅಂತ ಹೆದರುತ್ತಲೇ ಕೇಳಿದೆ. "ಆ ಕಾಲ ಹೋಯ್ತಮ್ಮ. ಸ್ವಲ್ಪ ಮಬ್ಬಾದವರಿಗೆ ಕನ್ನಡಕ ಬದಲಾಯಿಸಿದರೆ ಒಂದಷ್ಟು ದಿನ ಸಾಕಾಗುತ್ತೆ. ಓದೋಕೆ, ಓಡಾಡೋಕೆ, ನಿಮ್ಮ ಕೆಲಸಕ್ಕೆ ಅಡ್ಡ ಬಂತೋ, ಆವಾಗಲೇ ಆಪರೇಷನ್ ಮಾಡಿಸಬಹುದು. ಬಹಳ ತಡ ಮಾಡಿದರೆ ಕಷ್ಟ. ಕಣ್ಣು ನೋವು ಬಂದರೆ, ಕೆಂಪಾದರೆ, ಇದ್ದಕ್ಕಿದ್ದಂತೆ ಮಸುಕಾದರೆ ಮಾತ್ರ ಒಂದು ದಿನವೂ ಕಾಯಬಾರದು," ಅಂದರು. ಒಂದು ಕಣ್ಣಿಗೆ ಆಪರೇಷನ್ ಆಯಿತು. ಮಬ್ಬಾದ ಗಾಜು ತೆಗೆದು ಅಲ್ಲೇ ಹೊಸದೊಂದು ಪುಟ್ಟ ಗಾಜು ಕೂರಿಸಿದರು. ಮರಳಿನ ಚೀಲ ಇಲ್ಲ, ಸೋಡಾ ಬಾಟಲಿಯೂ ಇಲ್ಲ. ಮರುದಿನವೇ ಮನೆಗೆ ಬಂದೆ. ಹೊತ್ತು ಹೊತ್ತಿಗೆ ಹನಿ ಹಾಕಿದವರು ನೀವೇ. ಕಣ್ಣು ಉಜ್ಜಿದರೆ ಗದರಿದವರೂ ನೀವೇ.

ಇನ್ನೊಂದು ಕಣ್ಣಿಗೆ ಮುಂದಿನ ತಿಂಗಳು ಆಪರೇಷನ್. ಅಲ್ಲಿಯವರೆಗೆ ನನಗೊಂದು ಆಟ ಸಿಕ್ಕಿದೆ. ಮಧ್ಯಾಹ್ನ ನೀವು ಟಿ.ವಿ. ಮುಂದೆ ಕೂತಾಗ ನಾನು ಕೌದಿಯನ್ನು ಮಂಚದ ಮೇಲೆ ಹರಡಿಕೊಳ್ಳುತ್ತೇನೆ. ಆಪರೇಷನ್ ಆಗದ ಹಳೆ ಕಣ್ಣು ಮುಚ್ಚಿದರೆ ನಿಮಗೆ ಕಾಣುವ ಕೌದಿ ಕಾಣುತ್ತದೆ. ನೀಲಿಯ ನಡುವೆ ಕರಿ, ಬಿಳಿಯ ನಡುವೆ ಹಳದಿ. ಹೊಸ ಕಣ್ಣು ಮುಚ್ಚಿದರೆ ಅಜ್ಜಿ ಹೊಲಿದ ಕೌದಿ. ನಡುವೆಲ್ಲ ಬಿಳಿ, ಸುತ್ತ ಅಂಚೆಲ್ಲ ನೀಲಿ, ಅವಳು ಅಂದುಕೊಂಡ ಹಾಗೇ. ಇನ್ನು ಕೆಲವು ದಿನಕ್ಕೆ ಅದು ಯಾರಿಗೂ ಕಾಣುವುದಿಲ್ಲ. ಅದಕ್ಕೇ ಇವತ್ತು ಇನ್ನೊಂದು ಸಲ ಹೊಸ ಕಣ್ಣು ಮುಚ್ಚಿಕೊಂಡು ನೋಡಿದೆ. ಎಷ್ಟು ಚೆನ್ನಾಗಿ ಹೊಲಿದಿದ್ದಾಳೆ ನಮ್ಮಜ್ಜಿ.